1945ರ ಉಂಗುರ

ಕಡ್ಡಿಯ ದಪ್ಪ ಹೆಚ್ಚೆಂದರೆ ಐದು ಮಿಲಿಮೀಟರ್. ಒಂದು ತುದಿಯಲ್ಲಿ ತೊಗಟೆಯ ಚೂರು, ಇನ್ನೊಂದು ತುದಿಯಲ್ಲಿ ಮರದ ತಿರುಳು, ನಡುವೆ ಸಾಲುಸಾಲಾಗಿ ಆ ಮರ ಕಂಡ ಬೇಸಿಗೆಗಳು. ನಿಂತ ಮರಕ್ಕೆ ಟೊಳ್ಳು ಬೈರಿಗೆ ತಿರುಗಿಸಿ ತೆಗೆದ ಇಂಥ ಕಡ್ಡಿಗಳನ್ನು ಓದುವುದೇ ಕ್ಲೌಡಿಯಾ ಹಾರ್ಟ್ಲ್ ಅವರ ಕೆಲಸವಾಗಿತ್ತು. ಜರ್ಮನಿಯ ಮೈಂಟ್ಸ್ ನಗರದ ಯೊಹಾನೆಸ್ ಗುಟೆನ್‌ಬರ್ಗ್ ವಿಶ್ವವಿದ್ಯಾಲಯದ ಈ ವೃಕ್ಷಕಾಲ ವಿಜ್ಞಾನಿ ಉತ್ತರ ನಾರ್ವೆಯ ಆಲ್ಟಾ ಪಟ್ಟಣದ ಬಳಿ, ಕೋಫ್ಯೋರ್ಡ್ ಎಂಬ ಕಡಲ ಚಾಚಿನ ದಂಡೆಯಲ್ಲಿ ಪೈನ್ ಮತ್ತು ಬರ್ಚ್ ಮರಗಳ ಕಡ್ಡಿ ಸಂಗ್ರಹಿಸಿದ್ದರು. ಆ ಸೀಮೆಯಲ್ಲಿ ಹಿಂದಿನ ಕಾಲದ ಬೇಸಿಗೆಗಳು ಎಷ್ಟು ಬೆಚ್ಚಗಿದ್ದವು, ಎಷ್ಟು ತಣ್ಣಗಿದ್ದವು ಎಂದು ತಿಳಿಯುವುದಷ್ಟೇ ಉದ್ದೇಶ. ಉಜ್ಜಿ ನುಣುಪು ಮಾಡಿದ ಕಡ್ಡಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ತೊಗಟೆಯಿಂದ ಒಳಕ್ಕೆ ಒಂದೊಂದೇ ವರ್ಷ ಹಿಂದೆ ಸರಿಯುತ್ತ ಎಣಿಕೆ ನಡೆಯಿತು. ಲೆಕ್ಕ ಒಂದು ಕಡೆ ಕೂಡಲಿಲ್ಲ. ಕೆಲವು ಮರಗಳಲ್ಲಿ 1945ನೇ ಇಸವಿಯೇ ಇರಲಿಲ್ಲ.

ಇಲ್ಲದ ಉಂಗುರವನ್ನು ಕಂಡುಹಿಡಿಯುವುದು ಸುಲಭದ ಮಾತಲ್ಲ. ಅದು ಖಾಲಿ ಜಾಗ ಬಿಟ್ಟು ಹೋಗಿರುವುದಿಲ್ಲ. 1944ರ ಉಂಗುರಕ್ಕೆ ಒತ್ತಿಕೊಂಡೇ 1946ರದ್ದು ಬೆಳೆದಿರುತ್ತದೆ. ಆ ಒಂದು ಮರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಎಲ್ಲವೂ ಸರಿಯಾಗಿಯೇ ಇದ್ದಂತೆ ತೋರುತ್ತದೆ. ಅದನ್ನು ಹಿಡಿಯುವ ಉಪಾಯವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಅರಿಜೋನಾದಲ್ಲಿ ರೂಢಿಗೆ ತಂದವರು ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಏರಿಳಿತ ಮಳೆಯ ಮೇಲೆ, ಮಳೆ ಮರದ ಮೇಲೆ ಗುರುತು ಬಿಟ್ಟಿರಬೇಕು ಎಂಬ ಊಹೆಯ ಬೆನ್ನು ಹತ್ತಿದ ಆ ಮನುಷ್ಯ ಕೊನೆಗೆ ಬೇರೆಯೇ ವಿಜ್ಞಾನವೊಂದನ್ನು ಕಟ್ಟಿದ್ದರು. ಒಂದೇ ಪ್ರದೇಶದ ಮರಗಳು ಒಂದೇ ಹವೆಯನ್ನು ಉಂಡು ಬೆಳೆಯುವುದರಿಂದ ಅವುಗಳ ಅಗಲ ಉಂಗುರ, ಕಿರು ಉಂಗುರಗಳ ಸರಣಿ ಒಂದಕ್ಕೊಂದು ತಾಳೆಯಾಗಬೇಕು. ಒಂದು ಮರದಲ್ಲಿ ಸರಣಿ ಒಂದು ವರ್ಷ ಜಾರಿತು ಎಂದರೆ ಅಲ್ಲೊಂದು ಉಂಗುರ ಮೂಡಿಲ್ಲ ಎಂದೇ ಅರ್ಥ. ಕೋಫ್ಯೋರ್ಡ್‌ನ ಕಡ್ಡಿಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಜಾರಿದ ವರ್ಷ ಯಾವುದು ಎಂಬುದು ಖಚಿತವಾಯಿತು. ಇನ್ನು ಕೆಲವು ಮರಗಳಲ್ಲಿ 1945 ಇತ್ತು, ಆದರೆ ತಪ್ಪಿಸಿಕೊಂಡೇ ಹೋಗುವಷ್ಟು ತೆಳ್ಳಗೆ, ಕೂದಲೆಳೆಯಂತೆ.

ಒಂದು ಮರ ಒಂದು ವರ್ಷ ಬೆಳೆಯದೇ ಇರುವುದು ಅಂಥ ಅಪರೂಪವೂ ಅಲ್ಲ. ಕೋಫ್ಯೋರ್ಡ್ ಇರುವುದು ಹೆಚ್ಚುಕಡಿಮೆ 70 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್‌ಟಿಕ್ ವೃತ್ತದಿಂದಲೂ ಬಹಳ ಮೇಲೆ. ಅಲ್ಲಿನ ಪೈನ್ ಮರಕ್ಕೆ ವರ್ಷದಲ್ಲಿ ಕೆಲವೇ ವಾರಗಳ ದುಡಿಮೆ. ಹಿಮ ಕರಗಿದ ಮೇಲೆ ಎದ್ದು, ಮುಳುಗದ ಸೂರ್ಯನ ಬೆಳಕಿನಲ್ಲಿ ಅವಸರದಿಂದ ಕಟ್ಟಿಗೆ ಕಟ್ಟಿಕೊಂಡು, ಆಗಸ್ಟ್ ಕಳೆಯುವುದರೊಳಗೆ ಬಾಗಿಲು ಮುಚ್ಚಬೇಕು. ಬೇಸಿಗೆ ಕೈಕೊಟ್ಟರೆ ಉಂಗುರ ಸಣ್ಣದಾಗುತ್ತದೆ. ಆದ್ದರಿಂದ ಮೊದಲ ಗುಮಾನಿ ಚಳಿಯ ಮೇಲೆಯೇ ಹೋಗುವಂಥದ್ದು. ಆದರೆ ಚಳಿ ಒಂದು ದಂಡೆಯನ್ನು ಹಿಡಿದು ಇನ್ನೊಂದನ್ನು ಬಿಡುವಂಥದ್ದಲ್ಲ; ಉಂಗುರವೇ ಹುಟ್ಟದಂತೆ ಮಾಡುವ ಕೊರೆತ ಬಂದಿದ್ದರೆ ಇಡೀ ಸೀಮೆಯ ಮರಗಳು ಅದನ್ನು ಬರೆದಿಟ್ಟುಕೊಂಡಿರುತ್ತಿದ್ದವು.

ಎರಡನೆಯ ಗುಮಾನಿ ಕೀಟದ ಮೇಲೆ. ಉತ್ತರ ಸ್ಕ್ಯಾಂಡಿನೇವಿಯಾದ ಕಾಡುಗಳಿಗೆ ಆಗಾಗ ಹುಳುವಿನ ಕಾಟ ಬರುತ್ತದೆ. ಪತಂಗದ ಮರಿಗಳು ಬರ್ಚ್ ಕಾಡನ್ನು ಬೆಟ್ಟಕ್ಕೆ ಬೆಟ್ಟವೇ ಬೋಳು ಮಾಡಿಬಿಡುತ್ತವೆ, ಪೈನ್ ಸೂಜಿಗಳನ್ನೇ ಮೇಯುವ ಹುಳುಗಳೂ ಇವೆ. ಎಲೆ ಕಳೆದುಕೊಂಡ ಮರ ಆ ವರ್ಷ ಸೊರಗುತ್ತದೆ. ಇದು ನಂಬುವಂಥ ಕಾರಣವೇ ಆಗಿತ್ತು. ಆದರೆ ಉಂಗುರ ಇಷ್ಟು ಪೂರ್ತಿಯಾಗಿ ಅಳಿಸಿಹೋಗಿದ್ದಕ್ಕೆ ಅದೂ ಸಾಲಲಿಲ್ಲ. ಹುಳು ಬಿದ್ದ ಕಾಡು ಸಾಮಾನ್ಯವಾಗಿ ಚೇತರಿಸಿಕೊಳ್ಳುವ ಬಗೆಯೇ ಬೇರೆ, ಇಲ್ಲಿನ ಕೆಲವು ಮರಗಳು ಏಟು ತಿಂದು ವರ್ಷಗಟ್ಟಲೆ ಮೇಲೇಳದೆ ಬಿದ್ದುಕೊಂಡಿದ್ದ ಬಗೆಯೇ ಬೇರೆ.

ಚಳಿಯೂ ಅಲ್ಲ, ಹುಳುವೂ ಅಲ್ಲ ಎಂದಾದ ಮೇಲೆ ಮುಂದಿನ ದಾರಿ ಕಾಣದೆ ನಿಂತ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು ಒಂದು ಮಾತು ಎತ್ತಿದರು. 1945ರ ಹಿಂದಿನ ವರ್ಷ ಆ ನೀರಿನಲ್ಲಿ ಯಾರು ಬೀಡುಬಿಟ್ಟಿದ್ದರು ಎಂಬುದನ್ನು ನೋಡಬಾರದೇಕೆ? ಮರದ ಪ್ರಶ್ನೆ ಅಲ್ಲಿಂದ ಇತಿಹಾಸದ ಕಡತಗಳತ್ತ ಹೊರಳಿತು.

ಬೀಡುಬಿಟ್ಟದ್ದು ಟಿರ್ಪಿಟ್ಸ್. ಹಿಟ್ಲರನ ನೌಕಾಪಡೆಯ ಅತಿ ದೊಡ್ಡ ಯುದ್ಧನೌಕೆ, ಬಿಸ್ಮಾರ್ಕ್‌ನ ಜೋಡಿ ಹಡಗು, ಉದ್ದ 250 ಮೀಟರಿಗೂ ಹೆಚ್ಚು. 1942ರ ಜನವರಿಯಲ್ಲಿ ಅದು ನಾರ್ವೆಯ ಕರಾವಳಿಗೆ ಬಂತು. ಬ್ರಿಟನ್ನಿನಿಂದ ಸೋವಿಯತ್ ರಷ್ಯಾದ ಉತ್ತರದ ಬಂದರುಗಳಿಗೆ ಸರಕು ಸಾಗಿಸುತ್ತಿದ್ದ ಹಡಗುಗಳ ದಾರಿ ಅದೇ ಕರಾವಳಿಯ ಮಗ್ಗುಲಲ್ಲಿತ್ತು. ಟಿರ್ಪಿಟ್ಸ್ ಗುಂಡು ಹಾರಿಸುವುದೂ ಬೇಕಿರಲಿಲ್ಲ, ಅಲ್ಲಿ ಇದ್ದರೆ ಸಾಕಿತ್ತು. 1942ರ ಜುಲೈಯಲ್ಲಿ ಅದು ಹೊರಟಿದೆ ಎಂಬ ಭಯಕ್ಕೇ ಪಿಕ್ಯೂ-17 ಎಂಬ ಸರಕು ಹಡಗುಗಳ ತಂಡಕ್ಕೆ ಚದುರಿಹೋಗಲು ಆಜ್ಞೆಯಾಯಿತು. ಒಂಟಿಯಾದ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳೂ ವಿಮಾನಗಳೂ ಹುಡುಕಿ ಹುಡುಕಿ ಮುಳುಗಿಸಿದವು. ಈ ಒಂದು ಹಡಗಿಗೆ ಸಮನಾದ ಇನ್ನೊಂದು ಗುರಿ ಇಲ್ಲ ಎಂದು ಚರ್ಚಿಲ್ ಬರೆದದ್ದು ಅದೇ ವರ್ಷ.

1943ರ ವಸಂತದಲ್ಲಿ ಟಿರ್ಪಿಟ್ಸ್ ಕೋಫ್ಯೋರ್ಡ್ ಸೇರಿತು. ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೂರು ಕಡೆ ಬೆಟ್ಟ, ಕಿರಿದಾದ ಬಾಯಿ, ಆಳವಾದ ನಿಶ್ಚಲ ನೀರು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಅಲ್ಲಿ ತಾಮ್ರದ ಗಣಿ ನಡೆಸಿದ್ದರು. ಅವರು 1837ರಲ್ಲಿ ಕಟ್ಟಿದ ಚರ್ಚು ದಂಡೆಯ ಮೇಲೆ ಇನ್ನೂ ನಿಂತಿತ್ತು. ಮೇಲಿನ ಹಾಲ್ಡೆ ಬೆಟ್ಟದ ನೆತ್ತಿಯಲ್ಲಿ ಉತ್ತರ ಧ್ರುವಪ್ರಭೆಯನ್ನು ನೋಡಲೆಂದು 1899ರಲ್ಲಿ ಕಟ್ಟಿದ ವೀಕ್ಷಣಾಲಯವಿತ್ತು. ಇಂಥ ಏಕಾಂತದ ಜಾಗಕ್ಕೆ ಈಗ ಒಂದು ತೇಲುವ ಊರೇ ಬಂದು ನಿಂತಿತು. ಹಡಗಿನ ಸುತ್ತ ಟಾರ್ಪೆಡೊ ತಡೆಯುವ ಉಕ್ಕಿನ ಬಲೆ, ದಡದಲ್ಲಿ ದಂಡು, ಇಳಿಜಾರುಗಳಲ್ಲಿ ವಿಮಾನ ಹೊಡೆಯುವ ತೋಪು.

ದಂಡು ಇಳಿದ ಕಾಡು ಹೇಗೆ ಕೆಡುತ್ತದೆ ಎಂಬುದು ವಿಜ್ಞಾನಿಗಳಿಗೆ ಹೊಸದಲ್ಲ. ಡೇರೆ, ಬೂಟು, ಗಾಲಿಗಳ ಕೆಳಗೆ ಮಣ್ಣು ಗಟ್ಟಿಯಾಗುತ್ತದೆ, ಮಣ್ಣಿನೊಳಗಿನ ಗಾಳಿ ಹೊರಟುಹೋಗಿ ಬೇರು ಉಸಿರುಗಟ್ಟುತ್ತದೆ, ನೀರು ಇಂಗದೆ ಮೇಲೇ ಹರಿಯುತ್ತದೆ, ಸೌದೆಗೆಂದು ಕೆಳಗಿನ ಗಿಡಗಂಟಿ ಮಾಯವಾಗುತ್ತದೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಜನರಲ್ ಪ್ಯಾಟನ್ 1942ರಲ್ಲಿ ಆರಂಭಿಸಿದ ತರಬೇತಿ ಶಿಬಿರಗಳು 1944ರಲ್ಲೇ ಮುಚ್ಚಿದ್ದವು. ನಲವತ್ತು ವರ್ಷಗಳ ಮೇಲೆ ಅಲ್ಲಿಗೆ ಹೋದ ಭೂವಿಜ್ಞಾನಿಗಳು ನೆಲಕ್ಕೆ ಸಲಾಕೆ ಚುಚ್ಚಿ ಅಳೆದಾಗ ಟ್ಯಾಂಕು ಓಡಿದ ಜಾಡಿನ ಮಣ್ಣು ಇನ್ನೂ ಗಟ್ಟಿಯಾಗಿಯೇ ಇತ್ತು. ಆದರೆ ಕೋಫ್ಯೋರ್ಡ್‌ನ ಒಗಟಿಗೆ ಈ ಉತ್ತರವೂ ಹೊಂದುವಂತಿರಲಿಲ್ಲ. ತುಳಿದ ನೆಲ ಮರವನ್ನು ನಿಧಾನವಾಗಿ ಸೊರಗಿಸುತ್ತದೆ, ಅದೂ ತುಳಿದ ಜಾಗದಲ್ಲಿ ಮಾತ್ರ. ಇಲ್ಲಿ ಯಾವ ಸೈನಿಕನೂ ಬಿಡಾರ ಹೂಡದ ಜಾಗದ ಮರಗಳೂ ಒಂದೇ ವರ್ಷದಲ್ಲಿ ಒಟ್ಟಿಗೇ ನಿಂತುಬಿಟ್ಟಿದ್ದವು. ನೀರಿನಲ್ಲಿದ್ದ ಹಡಗು ಬೆಟ್ಟದ ಮೇಲಿನ ಮರವನ್ನು ಮುಟ್ಟಿದ್ದು ಹೇಗೆ?

ಉತ್ತರ ಆ ಹಡಗನ್ನು ಮುಳುಗಿಸಲು ಬ್ರಿಟಿಷರು ಹಿಡಿದ ಹಟದಲ್ಲಿತ್ತು. 1943ರ ಸೆಪ್ಟೆಂಬರ್ 22ರಂದು ಅವರ ಪುಟ್ಟ ಜಲಾಂತರ್ಗಾಮಿಗಳು ಬಲೆಗಳ ಅಡಿಯಿಂದ ನುಸುಳಿ ಟಿರ್ಪಿಟ್ಸ್‌ನ ತಳದಲ್ಲಿ ಸಿಡಿಮದ್ದು ಇಟ್ಟವು. ಒಂದೊಂದರಲ್ಲಿ ನಾಲ್ಕೇ ಜನ. ಸ್ಫೋಟಕ್ಕೆ ಆ ಮಹಾಕಾಯ ನೀರಿನಿಂದ ಮೇಲೆ ಚಿಮ್ಮಿ ಬಿತ್ತು, ಮುಳುಗಲಿಲ್ಲ. ಹತ್ತಿರ ಎಲ್ಲೂ ಹಡಗುಕಟ್ಟೆ ಇರಲಿಲ್ಲ. ಜರ್ಮನಿಯಿಂದ ಕೆಲಸಗಾರರು ಬಂದು ಧ್ರುವದ ಕತ್ತಲೆಯ ಚಳಿಗಾಲವಿಡೀ ನಿಂತಲ್ಲೇ ರಿಪೇರಿ ಮಾಡಿದರು. ಅವರ ಕೆಲಸ ಎಲ್ಲಿಗೆ ಬಂತು ಎಂಬ ಸುದ್ದಿಯನ್ನು ಆಲ್ಟಾದಲ್ಲೇ ಅಡಗಿದ್ದ ಟೋರ್ಸ್ಟೈನ್ ರೋಬಿ ಎಂಬ ನಾರ್ವೆಯ ತರುಣ ಗುಪ್ತ ರೇಡಿಯೊದಲ್ಲಿ ಲಂಡನ್ನಿಗೆ ಮುಟ್ಟಿಸುತ್ತಿದ್ದ. ಜೀವ ಪಣಕ್ಕಿಟ್ಟ ಆ ತರುಣನೇ ಮುಂದೆ 1947ರಲ್ಲಿ ಕಾನ್-ಟಿಕಿ ತೆಪ್ಪದಲ್ಲಿ ಪೆಸಿಫಿಕ್ ಸಾಗರ ದಾಟಿದವರಲ್ಲಿ ರೇಡಿಯೊ ನೋಡಿಕೊಂಡವನು.

1944ರ ಏಪ್ರಿಲ್ 3ರ ಬೆಳಗ್ಗೆ, ರಿಪೇರಿಯಾದ ಹಡಗು ಲಂಗರು ಎತ್ತಿ ಪರೀಕ್ಷೆಗೆ ಹೊರಡುವ ಹೊತ್ತಿಗೆ ಸರಿಯಾಗಿ, ವಿಮಾನವಾಹಕ ಹಡಗುಗಳಿಂದ ಹಾರಿದ ಬ್ರಿಟಿಷ್ ವಿಮಾನಗಳು ಬೆಟ್ಟದ ಮರೆಯಿಂದ ಮೇಲೆದ್ದವು. ಎರಡು ಅಲೆಗಳಲ್ಲಿ ಬಾಂಬು ಬಿದ್ದವು. ಹಡಗಿನ 122 ಮಂದಿ ಸತ್ತರು. ಜರ್ಮನರ ಬಳಿ ಅಂದು ಒಂದು ರಕ್ಷೆ ಇತ್ತು, ಆದರೆ ಅದು ತಡವಾಗಿ ಎದ್ದಿತ್ತು. ಆ ಪಾಠವನ್ನು ಅವರು ಮರೆಯಲಿಲ್ಲ. ಜುಲೈ 17ರಂದು ವಿಮಾನಗಳು ಮತ್ತೆ ಬಂದಾಗ ಪೈಲಟ್‌ಗಳ ಕಣ್ಣೆದುರೇ ಕೋಫ್ಯೋರ್ಡ್ ಮಾಯವಾಯಿತು. ಕೆಳಗೆ ನೀರಿಲ್ಲ, ದಡವಿಲ್ಲ, ಹಡಗಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ತುಂಬಿದ ಬೆಳ್ಳಗಿನ ಹೊಗೆ. ಅಂದಾಜಿನ ಮೇಲೆ ಎಸೆದ ಬಾಂಬುಗಳಲ್ಲಿ ಒಂದೂ ಹಡಗಿಗೆ ತಾಗಲಿಲ್ಲ. ಹೊಗೆಯ ಮೇಲೆ ತಲೆ ಎತ್ತಿದ್ದ ಬೆಟ್ಟದ ತುದಿಯಲ್ಲಿ ಕಾವಲು ಕೂತು ತೋಪುಗಳಿಗೆ ಗುರಿ ಹೇಳುವ ಏರ್ಪಾಡನ್ನೂ ಜರ್ಮನರು ಮಾಡಿಕೊಂಡರು. ಆಗಸ್ಟ್‌ನ ಕೊನೆಯಲ್ಲಿ ಮತ್ತೆ ಮತ್ತೆ ದಾಳಿಯಾಯಿತು, ಮತ್ತೆ ಮತ್ತೆ ಹೊಗೆ ಎದ್ದಿತು, ಹಡಗು ಉಳಿಯಿತು.

ಸೆಪ್ಟೆಂಬರ್ 15ರಂದು ರಷ್ಯಾದ ಆರ್ಖಾಂಗೆಲ್ಸ್ಕ್ ಬಳಿಯ ಯಾಗೊದ್ನಿಕ್‌ನಿಂದ ಹೊರಟ ಲ್ಯಾಂಕಾಸ್ಟರ್ ವಿಮಾನಗಳು ಐದು ಟನ್ನಿಗೂ ಹೆಚ್ಚು ತೂಕದ ಟಾಲ್‌ಬಾಯ್ ಬಾಂಬುಗಳನ್ನು ಹೊತ್ತು ಬಂದವು. ಆಗಲೂ ಹೊಗೆ ಹಬ್ಬುತ್ತಲೇ ಇತ್ತು, ಆದರೂ ಒಂದು ಬಾಂಬು ಹಡಗಿನ ಮೂತಿಯನ್ನು ಸೀಳಿತು. ಇನ್ನು ಸಮುದ್ರಕ್ಕೆ ಇಳಿಯಲಾರದ ಟಿರ್ಪಿಟ್ಸ್ ಅಕ್ಟೋಬರ್‌ನಲ್ಲಿ ಕುಂಟುತ್ತ ಟ್ರೊಮ್ಸೊಗೆ ಹೋಯಿತು. ಅಲ್ಲಿ ಹೊಗೆಯ ವ್ಯವಸ್ಥೆ ಇನ್ನೂ ಸಜ್ಜಾಗಿರಲಿಲ್ಲ. ನವೆಂಬರ್ 12ರ ಸ್ವಚ್ಛ ಬೆಳಗಿನಲ್ಲಿ ಮತ್ತೆ ಟಾಲ್‌ಬಾಯ್‌ಗಳು ಬಿದ್ದವು, ಹಡಗು ಮಗುಚಿತು, ಒಳಗಿದ್ದವರಲ್ಲಿ ಸಾವಿರದಷ್ಟು ಜನ ಸತ್ತರು. ಹೊಗೆ ಇದ್ದಷ್ಟು ಕಾಲ ಉಳಿದ ಹಡಗು ಹೊಗೆ ಇಲ್ಲದ ಕಡೆ ಮುಳುಗಿತು ಎಂದರೆ ಆ ಹೊಗೆ ಎಂಥ ದಟ್ಟ ಹೊಗೆಯಾಗಿತ್ತು ಎಂದು ಊಹಿಸಬಹುದು.

ಆ ಹೊಗೆ ಎಲ್ಲಿಗೆ ಹೋಗಿ ಬಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 1944ರ ಶರತ್ಕಾಲದಲ್ಲಿ ಸೋವಿಯತ್ ಸೈನ್ಯದೆದುರು ಹಿಂದೆ ಸರಿಯುತ್ತಿದ್ದ ಜರ್ಮನರು ಫಿನ್‌ಮಾರ್ಕ್ ಪ್ರಾಂತ್ಯವನ್ನು ಸುಡುತ್ತ ಹೋದರು. ಆಲ್ಟಾದ ಮನೆಗಳು ಬೂದಿಯಾದವು, ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸಲಾಯಿತು. ಮುಂದಿನ ವರ್ಷ ಮರಳಿ ಬಂದವರಿಗೆ ತಲೆಯ ಮೇಲೆ ಸೂರಿಲ್ಲದಿರುವಾಗ ಬೆಟ್ಟದ ಪೈನ್‌ಗಳ ಬಣ್ಣ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಟಿರ್ಪಿಟ್ಸ್ ಬಗ್ಗೆ ಆ ಮೇಲೆ ಪುಸ್ತಕಗಳು ಬಂದವು, ಸಿನಿಮಾ ಬಂತು, ಕೋಫ್ಯೋರ್ಡ್‌ನಲ್ಲೇ ಒಂದು ಮ್ಯೂಸಿಯಂ ಎದ್ದಿತು. ಕಾಡಿನ ಕತೆ ಮಾತ್ರ ತೊಗಟೆಯ ಒಳಗೇ ಉಳಿದಿತ್ತು.

ಹಾರ್ಟ್ಲ್ ಮತ್ತು ಜೊತೆಗಾರರು ಈಗ ಕಡತಗಳಲ್ಲಿ ಹುಡುಕಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಆ ಹೊಗೆ ಯಾವುದರಿಂದ ಎದ್ದದ್ದು? ದಾಖಲೆಗಳಲ್ಲಿ ಹೆಸರು ಸಿಕ್ಕಿತು: ಕ್ಲೋರೋಸಲ್ಫ್ಯೂರಿಕ್ ಆಮ್ಲ. ಗಾಳಿಯ ತೇವ ತಾಗಿದೊಡನೆ ಭುಗ್ಗನೆ ಬಿಳಿ ಮಂಜಾಗುವ ದ್ರವ ಅದು. ಮಂಜಿನ ಒಂದೊಂದು ಹನಿಯಲ್ಲೂ ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲ. ಇದನ್ನು ಓದಿದ ಮೇಲೆ ಗುಮಾನಿ ಬಲವಾಯಿತು. ಆದರೆ ಗುಮಾನಿ ಎಷ್ಟು ಬಲವಾದರೂ ಪುರಾವೆಯಾಗುವುದಿಲ್ಲ. ಹೊಗೆಯೇ ಕಾರಣವಾಗಿದ್ದರೆ ಹಡಗು ನಿಂತ ಜಾಗದಿಂದ ದೂರ ಹೋದಂತೆಲ್ಲ ಹಾನಿ ಕಡಿಮೆಯಾಗುತ್ತ ಹೋಗಬೇಕು, ಚಳಿಯೋ ಹುಳುವೋ ಆಗಿದ್ದರೆ ಅಂಥ ಲೆಕ್ಕಾಚಾರ ಅದಕ್ಕೆ ಇರಬಾರದು. ಪರೀಕ್ಷೆಗೆ ಬೇಕಾದದ್ದು ಮತ್ತಷ್ಟು ಮರಗಳು, ಹಡಗಿನ ನೆಲೆಯಿಂದ ಬೇರೆಬೇರೆ ದೂರದಲ್ಲಿ ನಿಂತವು.

ಬೈರಿಗೆಯ ಕೆಲಸ ಸಾವಧಾನದ್ದು. ಒಂದೊಂದು ಕಡ್ಡಿಗೂ ತೋಳಿನ ಬಲ ಬೇಕು, ತೆಗೆದದ್ದು ಮುರಿಯದಂತೆ ಕೊಳವೆಗೆ ಸೇರಿಸಬೇಕು, ಗುರುತು ಬರೆಯಬೇಕು. ಆಮೇಲೆ ಅಂಟಿಸಿ, ಉಜ್ಜಿ, ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆಯಬೇಕು. ಅಷ್ಟು ಮಾಡಿದ ಮೇಲೆ ಮರಗಳು ಹೇಳಿದ್ದು ಒಂದೇ ಮಾತು. ಹಡಗಿನ ನೆಲೆಗೆ ಸಮೀಪದ ಪೈನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 1945ರಲ್ಲಿ ಬೆಳೆದೇ ಇರಲಿಲ್ಲ. ದೂರ ಹೋದಂತೆ ಉಂಗುರ ಮೊದಲು ಎಳೆಯಾಗಿ, ಆಮೇಲೆ ಗೆರೆಯಾಗಿ ಕಾಣಿಸಿಕೊಂಡಿತು. ನಾಲ್ಕು ಕಿಲೋಮೀಟರ್ ದಾಟಿದ ಮೇಲೆಯೇ 1945 ಬೇರೆಲ್ಲ ವರ್ಷಗಳಂತೆ ಒಂದು ಸಾಧಾರಣ ವರ್ಷವಾಯಿತು.

2018ರ ಏಪ್ರಿಲ್‌ನಲ್ಲಿ ವಿಯೆನ್ನಾದ ಯುರೋಪಿಯನ್ ಭೂವಿಜ್ಞಾನಗಳ ಒಕ್ಕೂಟದ ಸಮಾವೇಶದಲ್ಲಿ ಹಾರ್ಟ್ಲ್ ಈ ಶೋಧವನ್ನು ಮುಂದಿಟ್ಟರು. ಸ್ಕಾಟ್ ಸೇಂಟ್ ಜಾರ್ಜ್, ಆಂಡ್ರಿಯಾಸ್ ಕಿರ್ಶ್‌ಹೆಫರ್, ಯಾನ್ ಎಸ್ಪರ್ ಮೊದಲಾದವರ ಜೊತೆ ಬರೆದ ಪ್ರಬಂಧ ‘ಆಂಥ್ರೊಪೊಸೀನ್’ ಪತ್ರಿಕೆಯಲ್ಲಿ ಬಂತು. ಯುದ್ಧದ ಗುರುತನ್ನು ಮರದಲ್ಲಿ ಓದುವ ಈ ಬಗೆಗೆ ಒಂದು ಹೆಸರೂ ಹುಟ್ಟಿತು, ಯುದ್ಧ ವೃಕ್ಷಕಾಲಗಣನೆ. ಇಂಥ ಗಾಯ ಬೇರೆ ಕಡೆಯ ಕಾಡುಗಳಲ್ಲೂ ಸಿಗಬಹುದು ಎಂಬುದು ಹಾರ್ಟ್ಲ್ ಅವರ ನಿರೀಕ್ಷೆಯಾಗಿತ್ತು.

ಒಗಟಿನ ಉತ್ತರ ಇಷ್ಟೇ ಆಗಿತ್ತು. ಪೈನ್ ಮರ ಪ್ರತಿ ವರ್ಷ ಎಲೆ ಬದಲಿಸುವ ಮರವಲ್ಲ. ಅದರ ಒಂದೊಂದು ಸೂಜಿ ಎಲೆ ಮೂರರಿಂದ ಏಳು ವರ್ಷ ದುಡಿಯುತ್ತದೆ. 1944ರ ಬೇಸಿಗೆಯಲ್ಲಿ ಆಮ್ಲದ ಮಂಜು ಆ ಸೂಜಿಗಳ ಮೇಲೆ ಇಳಿಯಿತು. ಹೊಗೆ ಮತ್ತೆ ಮತ್ತೆ ಕವಿಯುವ ಹೊತ್ತಿಗೆ ಆ ವರ್ಷದ ಉಂಗುರ ಬಹುಮಟ್ಟಿಗೆ ಮೂಡಿಯಾಗಿತ್ತು, ಅದಕ್ಕೇ 1944 ಉಳಿದುಕೊಂಡಿತು. ಮರುವರ್ಷ ಸೂರ್ಯ ಬಂದಾಗ ಬೆಳಕನ್ನು ಆಹಾರ ಮಾಡಿಕೊಳ್ಳಲು ಮರದಲ್ಲಿ ಸೂಜಿಗಳಿರಲಿಲ್ಲ, ಆಹಾರವಿಲ್ಲದೆ ಕಟ್ಟಿಗೆ ಹುಟ್ಟಲಿಲ್ಲ. ಒಮ್ಮೆ ಬೋಳಾದ ಪೈನ್ ತನ್ನ ಹಲವು ವರ್ಷಗಳ ಸೂಜಿಗಳನ್ನು ಒಂದೊಂದೇ ವರ್ಷದ ಕಂತಿನಲ್ಲಿ ಮರಳಿ ಗಳಿಸಬೇಕಾಗಿತ್ತು. ಹಾರ್ಟ್ಲ್ ಕಡ್ಡಿ ತೆಗೆದ ಮರಗಳಲ್ಲಿ ಒಂದು 1945ರಿಂದ ಮುಂದಿನ ಒಂಬತ್ತು ವರ್ಷ ಒಂದೂ ಉಂಗುರ ಹಾಕಿರಲಿಲ್ಲ, ಅದು ಮೊದಲಿನ ಬೆಳವಣಿಗೆಗೆ ಮರಳಲು ಮೂವತ್ತು ವರ್ಷ ಹಿಡಿಯಿತು. ಅವರು ಬೈರಿಗೆ ತಿರುಗಿಸಿದಾಗಲೂ ಆ ಮರ ಜೀವಂತವಾಗಿತ್ತು.